299 ನ್ಯೂಕ್ಲಿಯೋಟೈಡಿನ ವೈರಾಯ್ಡ್: ಪ್ರತಿ ಸಲ ಬ್ಯಾರೆ ಮಡಿಕೆ ಬರ್ಲಿಕತ್ತದ, ಯಾವುದು ಖರೇ?

ನಿಂಬಿಬನ (ವಿಜಯಪುರ)

ನಮಸ್ಕಾರ್ರಿ ಎಲ್ಲಾರಿಗೂ. ಇಂಡಿ ತಾಲೂಕಿನ ಎರಡು ತೋಟದ ಕಾಗ್ಜಿ ನಿಂಬಿ ಎಲಿಯಿಂದ ಆರ್‌ಎನ್‌ಎ ತಗದು, ಆರ್‌ಟಿ-ಪಿಸಿಆರ್ ಆಗಿ, ಸ್ಯಾಂಗರ್ ಸೀಕ್ವೆನ್ಸ್ ಬಂದಾವ. ಎರಡೂ 299 ನ್ಯೂಕ್ಲಿಯೋಟೈಡ್. ಬ್ಲಾಸ್ಟ್‌ಗೆ (ಗೊತ್ತಿದ್ದ ಸೀಕ್ವೆನ್ಸ್ ಜೋಡಿ ಹೋಲಿಸಿ ಹುಡುಕೋ ಪ್ರೋಗ್ರಾಂ) ಹಾಕಿದ್ರ ಹಾಪ್ ಸ್ಟಂಟ್ ವೈರಾಯ್ಡ್ (ಬರೀ ಆರ್‌ಎನ್‌ಎ ಇರೋ, ಗಿಡಕ್ಕ ಹತ್ತೋ ಸಣ್ಣ ರೋಗಕಾರಕ) ಅಂತ ತೋರಸ್ತದ, ಅದರಾಗ ಸಂಶಯ ಇಲ್ಲ. ಒಂದಕ್ಕೊಂದು ನಾಕು ಕಡೆ ಬ್ಯಾರೆ ಅದಾವ.

ರಚನೆ, ಅಂದ್ರ ಆ ಎಳೆ ತನ್ನ ಮ್ಯಾಲ ತಾನs ಹೆಂಗ ಮಡಚ್ತದ ಅನ್ನೋದು, ತಗಿಯೋದ್ರಾಗ ಸಿಕ್ಕೊಂಡೇನ್ರಿ. ಆರ್‌ಎನ್‌ಎಫೋಲ್ಡ್ ವೆಬ್ ಸರ್ವರಿಗೆ ಹಂಗs ಹಾಕಿದ್ರ ಮೂರು ಕವಲಿನ ಚಿತ್ರ ಬರ್ತದ. ಅದs ಸೀಕ್ವೆನ್ಸ್ 150ನೇ ಅಕ್ಷರದಿಂದ ಶುರು ಮಾಡಿ ಹಾಕಿದ್ರ ಚಿತ್ರನೂ ಬ್ಯಾರೆ, ಶಕ್ತಿನೂ ಬ್ಯಾರೆ. ಎಮ್‌ಫೋಲ್ಡ್ ಅನ್ನೋ ಇನ್ನೊಂದು ಪ್ರೋಗ್ರಾಂ ಮೂರನೇದೊಂದು ಕೊಡ್ತದ. ಒಂದು ಡೀಪ್ ಲರ್ನಿಂಗ್ ಸರ್ವರ್ ನಾಕನೇದು. ಶಕ್ತಿ ಮೂರ್ನಾಕು ಕಿಲೋಕ್ಯಾಲರಿ ಹಿಂದ ಮುಂದ ಅದ, ಅಷ್ಟs. ಮ್ಯಾಲ "ಎನ್ಸೆಂಬಲ್‌ನಲ್ಲಿ ಈ ರಚನೆಯ ಆವರ್ತನ 0.6%" ಅಂತ ಬರದದ. ನೂರಕ್ಕೆ ಒಂದೂ ಇಲ್ಲಂದ್ರ ಆ ಚಿತ್ರ ಇಟ್ಕೊಂಡು ಏನ್ ಮಾಡೋದು?

ಇನ್ನೊಂದು: ಡಿಫಾಲ್ಟ್ ತಾಪಮಾನ 37 ಡಿಗ್ರಿ ಅದ. ನಮ್ಮ ಕಡೆ ಬ್ಯಾಸಗಿಗೆ 40 ದಾಟ್ತದ. ಬದಲಿ ಮಾಡ್ಬೇಕೇನು?

ಕಡೀಕೆ ಬೇಕಾಗಿದ್ದು ಇದು: ಈ ಎರಡರಾಗ ಗಿಡಕ್ಕ ಯಾವುದು ಹೆಚ್ಚು ಕೆಡುಕು ಅಂತ ರಚನೆ ನೋಡಿ ಹೇಳಬಹುದೇನ್ರಿ?

ಮಾರ್ಕಂಡೇಯ_ದಂಡಿ (ಬೆಳಗಾವಿ)

ಮೊದಲೆರಡು ಚಿತ್ರ ಬೇರೆಯಾಗಲು ಕಾರಣ ಒಂದೇ. ವೈರಾಯ್ಡ್ ವೃತ್ತಾಕಾರದ ಒಂಟಿ ಎಳೆ, ನೀವು ಅದನ್ನು ಕತ್ತರಿಸಿ ನೇರ ಎಳೆಯಾಗಿ ಕೊಟ್ಟಿದ್ದೀರಿ. ಅದಕ್ಕೆ ತುದಿ ಎಂಬುದೇ ಇಲ್ಲ. 1ನೇ ಅಕ್ಷರ ಅನ್ನುವುದು ಡೇಟಾಬೇಸಿನ ರೂಢಿ ಅಷ್ಟೇ, ದಂಡದಂಥ ರಚನೆಯ ಎಡತುದಿಯಿಂದ ಎಣಿಸುತ್ತಾರೆ.

ನೇರ ಎಳೆ ಅಂದುಕೊಂಡಾಗ ಪ್ರೋಗ್ರಾಂ ಎರಡು ತುದಿಗಳ ನಡುವಿನ ಜೋಡಿಯಾಗದ ಭಾಗವನ್ನು ಹೊರಲೂಪ್ ಎಂದು ಎಣಿಸುತ್ತದೆ. ಹೊರಲೂಪಿಗೆ ಶಕ್ತಿಯ ಬೆಲೆ ಇಲ್ಲ. ವೃತ್ತದಲ್ಲಿ ಅದೇ ಭಾಗ ಹೇರ್‌ಪಿನ್ ಲೂಪೋ, ಒಳಲೂಪೋ, ಬಹುಕವಲು ಲೂಪೋ ಆಗಲೇಬೇಕು. ಆದಾಗ ಅದರ ಬೆಲೆ ತೆರಲೇಬೇಕು. ನೀವು ಎಲ್ಲಿ ಕತ್ತರಿಸಿದರೂ ಆ ಜಾಗದಲ್ಲಿ ಪುಕ್ಕಟೆ ರಿಯಾಯಿತಿ ಸಿಗುತ್ತದೆ, ಕವಲುಗಳು ಅಲ್ಲಿ ಹುಟ್ಟುತ್ತವೆ. ಕತ್ತರಿಯ ಜಾಗ ಬದಲಾದರೆ ಚಿತ್ರವೂ ಬದಲಾಗುತ್ತದೆ.

ವೆಬ್ ಸರ್ವರಿನಲ್ಲಿ ಮುಂದುವರಿದ ಆಯ್ಕೆಗಳನ್ನು ತೆರೆದರೆ ಅಣು ವೃತ್ತಾಕಾರದ್ದು ಎಂದು ಗುರುತು ಹಾಕುವ ಚೌಕ ಇದೆ. ಕಮಾಂಡ್ ಲೈನಿನಲ್ಲಾದರೆ ಎರಡು ಅಡ್ಡಗೆರೆ ಹಾಕಿ ಸರ್ಕ್. ಜೊತೆಗೆ ಒಂದು ಅಡ್ಡಗೆರೆಯ ಪಿ ಕೊಡಿ (ಜೋಡಿ ಸಂಭವನೀಯತೆ ಲೆಕ್ಕಕ್ಕೆ), ನೋಎಲ್‌ಪಿ ಕೂಡ ಕೊಡಿ (ಅಕ್ಕಪಕ್ಕ ಯಾರೂ ಇಲ್ಲದ ಒಂಟಿ ಜೋಡಿಗಳನ್ನು ಬಿಡಲಿಕ್ಕೆ). ಆಮೇಲೆ ಒಂದು ಪರೀಕ್ಷೆ: ಸೀಕ್ವೆನ್ಸನ್ನು 1, 75, 150, 225ನೇ ಅಕ್ಷರಗಳಿಂದ ಶುರು ಮಾಡಿ ನಾಲ್ಕು ಸಲ ಓಡಿಸಿ. ಕನಿಷ್ಠ ಶಕ್ತಿ ನಾಲ್ಕರಲ್ಲೂ ಒಂದೇ ಬರಬೇಕು. ಬರದಿದ್ದರೆ ಆಯ್ಕೆ ಹತ್ತಿಲ್ಲ, ಇಲ್ಲವೇ ತಿರುಗಿಸುವಾಗ ಒಂದೆರಡು ಅಕ್ಷರ ಕಳೆದಿವೆ. ಶಕ್ತಿ ಒಂದೇ ಇದ್ದು ಚಿತ್ರ ಮಾತ್ರ ಒಂದು ಮೂಲೆಯಲ್ಲಿ ಬೇರೆಯಾದರೆ ತಲೆ ಕೆಡಿಸಿಕೊಳ್ಳಬೇಡಿ, ಸಮಶಕ್ತಿಯ ಎರಡು ರಚನೆಗಳಲ್ಲಿ ಒಂದನ್ನು ಅದು ಆರಿಸಿಕೊಂಡಿರುತ್ತದೆ.

ಎಮ್‌ಫೋಲ್ಡ್‌ನ ಕಥೆ ಬೇರೆ. ಅದರಲ್ಲೂ ವೃತ್ತಾಕಾರದ ಆಯ್ಕೆ ಇದೆ, ಆದರೆ ಶಕ್ತಿಯ ಕೋಷ್ಟಕವೇ ಬೇರೆ. ವಿಯೆನ್ನಾ ಪ್ಯಾಕೇಜಿನ (ಆರ್‌ಎನ್‌ಎಫೋಲ್ಡ್ ಇದರದ್ದೇ) ಡಿಫಾಲ್ಟ್ ಟರ್ನರ್ 2004, ಎಮ್‌ಫೋಲ್ಡ್ 3ರದ್ದು ಟರ್ನರ್ 1999. ಎರಡರ ಶಕ್ತಿಯನ್ನು ನೇರವಾಗಿ ಹೋಲಿಸಿದರೆ ಅರ್ಥವಿಲ್ಲ. ಹೋಲಿಸಲೇಬೇಕೆಂದರೆ ವಿಯೆನ್ನಾದ ಜೊತೆ ಬರುವ 1999ರ ಪ್ಯಾರಾಮೀಟರ್ ಕಡತವನ್ನು ದೊಡ್ಡಕ್ಷರದ ಪಿ ಆಯ್ಕೆಯಿಂದ ಕೊಟ್ಟು ಓಡಿಸಿ. ಎಮ್‌ಫೋಲ್ಡ್‌ನಲ್ಲಿ ತಾಪಮಾನ ಬದಲಿಸಬೇಕೆಂದರೆ ಹಳೆಯ 2.3 ಆವೃತ್ತಿಯ ಫಾರ್ಮಿಗೇ ಹೋಗಬೇಕು, ಅಲ್ಲಿ ಕೋಷ್ಟಕ ಇನ್ನೂ ಹಳೆಯದು. ಅಂದರೆ ತಾಪಮಾನವೊಂದನ್ನೇ ಬದಲಿಸಿದೆ ಅಂದುಕೊಂಡವರು ಎರಡನ್ನು ಬದಲಿಸಿರುತ್ತಾರೆ.

ಮಡಿಕೆಗಿಂತ ಮೊದಲು ಸೀಕ್ವೆನ್ಸನ್ನೇ ಒಮ್ಮೆ ಅನುಮಾನಿಸಿ.

ವೈರಾಯ್ಡಿನ ಪೂರ್ತಿ ಉದ್ದ ಎತ್ತಲು ಬೆನ್ನಿಗೆ ಬೆನ್ನು ಹಚ್ಚಿದ ಎರಡು ಪ್ರೈಮರ್ ಬಳಸುತ್ತಾರೆ, ಸಾಮಾನ್ಯವಾಗಿ ನಡುವಿನ ಸಂರಕ್ಷಿತ ಭಾಗದಲ್ಲಿ. 20 ಅಕ್ಷರದ ಎರಡು ಪ್ರೈಮರ್ ಅಂದರೆ 40. ನಿಮ್ಮ 299ರಲ್ಲಿ 13 ಪ್ರತಿಶತ ಗಿಡದಿಂದ ಬಂದದ್ದಲ್ಲ, ಪ್ರೈಮರ್ ತಯಾರಿಸಿದ ಕಂಪನಿಯಿಂದ ಬಂದದ್ದು. ಆ ಭಾಗದಲ್ಲಿ ನಿಜವಾದ ವ್ಯತ್ಯಾಸ ಇದ್ದರೂ ಕಾಣುವುದಿಲ್ಲ. ವೃತ್ತದ ಇನ್ನೊಂದು ಬದಿಯಲ್ಲಿ ಕೂರುವ ಎರಡನೇ ಪ್ರೈಮರ್ ಜೋಡಿಯಿಂದ ಇದನ್ನು ಓದಿಸಿಕೊಳ್ಳಬೇಕು. ಪ್ರೈಮರ್‌ಗಳು ಒಂದರ ಮೇಲೊಂದು ಸ್ವಲ್ಪ ಹಾಯುವಂತಿದ್ದರೆ ಆ ತುಂಡು ಎರಡು ಸಲ ಎಣಿಕೆಯಾಗಿ ಉದ್ದವೇ ತಪ್ಪುತ್ತದೆ. ಈ ಜಾತಿ ಸುಮಾರು 295ರಿಂದ 303ರವರೆಗೆ ಇರುವುದರಿಂದ 299 ಹೊಂದುತ್ತದೆ ನಿಜ, ಆದರೂ ಪ್ರೈಮರ್ ನಕ್ಷೆಯ ಮೇಲಿಟ್ಟು ನೋಡಿ.

ಎಳೆಯ ದಿಕ್ಕೂ ಮುಖ್ಯ. ಸರ್ವರ್ ಟಿ ಅನ್ನು ತಾನೇ ಯು ಮಾಡಿಕೊಳ್ಳುತ್ತದೆ, ಅದರಲ್ಲಿ ತಪ್ಪಾಗುವುದಿಲ್ಲ. ಆದರೆ ಹಿಮ್ಮುಖ ಪೂರಕ ಎಳೆಯನ್ನು ಹಾಕಿದರೆ ಅದು ಬೇರೆಯದೇ ಅಣು. ಜಿ–ಸಿ, ಎ–ಯು ಜೋಡಿಗಳು ಹಾಗೇ ಉಳಿಯುತ್ತವೆ, ಆದರೆ ಜಿ–ಯು ಜೋಡಿ ಆ ಕಡೆ ಸಿ–ಎ ಆಗಿ ಮುರಿದುಬೀಳುತ್ತದೆ. ಬ್ಲಾಸ್ಟ್ ಎರಡೂ ದಿಕ್ಕಿನಲ್ಲಿ ಹುಡುಕುವುದರಿಂದ ನಿಮ್ಮ ಕಡತ ಉಲ್ಟಾ ಇದ್ದರೂ "ಹೊಂದಿತು" ಅಂದೇ ಹೇಳುತ್ತದೆ. ಫಲಿತಾಂಶದಲ್ಲಿ ಪ್ಲಸ್/ಪ್ಲಸ್ ಇದೆಯೋ ಪ್ಲಸ್/ಮೈನಸ್ ಇದೆಯೋ ನೋಡಿ.

ನವನಗರ_ಸೆಕ್ಟರ್ (ಬಾಗಲಕೋಟೆ)

ವೃತ್ತದ ಮಾತು ಮಾರ್ಕಂಡೇಯ ಸರ್ ಹೇಳ್ಯಾರ, ನಾ ಆ 0.6% ಬಗ್ಗೆ ಬರೀತೀನಿ. ಮಂದಿ ಇಲ್ಲೇ ಭಾಳ ಹೆದರತಾರ.

ಪ್ರೋಗ್ರಾಂ ಶಕ್ತಿ ಹೆಂಗ ಕೂಡಸತೈತಿ ಅಂತ ಒಮ್ಮಿ ಕೈಯಿಂದ ಮಾಡಿ ನೋಡ್ರಿ. ಜಿಜಿಸಿಸಿ–ಜಿಎಎಎ–ಜಿಜಿಸಿಸಿ ಅನ್ನೋ 12 ಅಕ್ಷರದ ತುಣುಕು ತಗೋರಿ. ಮಡಿಕೆ ಹಿಂಗ:

((((....))))

ನಾಕು ಜೋಡಿ ಅಂದ್ರ ಒಂದರ ಮ್ಯಾಲ ಒಂದು ಕೂತ ಮೂರು ಪದರ. ಟರ್ನರ್ 2004ರ ಪ್ರಕಾರ ಅವು −3.3, −3.4, −3.3. ಒಟ್ಟು −10.0. ನಾಕು ಅಕ್ಷರದ ಹೇರ್‌ಪಿನ್ ಲೂಪ್ ತೆರೆಯಾಕ +5.6. ಉಳೀತು −4.4. ಅದರ ಮ್ಯಾಲ ಲೂಪಿನ ಬಾಯಾಗಿನ ಜಿ ಮತ್ತ ಎ ಕೂಡಿಕೊಳ್ಳೋದಕ್ಕ ಸ್ವಲ್ಪ ಬೋನಸ್. ಇಷ್ಟs ಲೆಕ್ಕ. ಈ ಬೆಲೆಗಳನ್ನ ಅಳದಿದ್ದು ಸಣ್ಣ ತುಣುಕುಗಳ ಮ್ಯಾಲ, 1 ಮೋಲಾರ್ ಉಪ್ಪಿನ ದ್ರಾವಣದಾಗ, 37 ಡಿಗ್ರಿ ಲೆಕ್ಕಕ್ಕ. ಪ್ರೋಟೀನ್ ಇಲ್ಲ, ಮೆಗ್ನೀಸಿಯಮ್ ಇಲ್ಲ, ಜೀವಕೋಶ ಇಲ್ಲ. ಬಹುಕವಲು ಲೂಪಿನ ಬೆಲೆ ಎಲ್ಲಕ್ಕಿಂತ ಕಮ್ಮಿ ನಂಬಿಕೆಯದು. 299 ಅಕ್ಷರದ ಮ್ಯಾಲ ನೂರಾರು ಇಂಥ ಸಣ್ಣ ಸಂಖ್ಯೆ ಕೂಡಿದ ಮ್ಯಾಲ ಮೂರ್ನಾಕು ಕಿಲೋಕ್ಯಾಲರಿ ವ್ಯತ್ಯಾಸದಿಂದ ಒಂದು ರಚನೆ ಗೆದ್ದಿತು, ಇನ್ನೊಂದು ಸೋತಿತು ಅನ್ನಾಕ ಬರಂಗಿಲ್ಲ. 700 ಅಕ್ಷರಕ್ಕಿಂತ ಸಣ್ಣ ಆರ್‌ಎನ್‌ಎಗಳ ಮ್ಯಾಲ ಪರೀಕ್ಷೆ ಮಾಡಿದಾಗ ಈ ಪದ್ಧತಿ ಗೊತ್ತಿದ್ದ ಜೋಡಿಗಳೊಳಗ ಸರಾಸರಿ 73 ಪ್ರತಿಶತ ಹಿಡದೈತಿ. ಉದ್ದ ಬೆಳದಂಗ ಅದು ಇಳೀತೈತಿ.

ಈಗ 0.6%. 37 ಡಿಗ್ರಿಗೆ ಆರ್‌ಟಿ (ಅನಿಲ ಸ್ಥಿರಾಂಕ ಗುಣಿಸು ತಾಪಮಾನ) ಬೆಲೆ 0.616 ಕಿಲೋಕ್ಯಾಲರಿ. ಆವರ್ತನ ಅಂದ್ರ ಕನಿಷ್ಠ ಶಕ್ತಿಗೂ ಎನ್ಸೆಂಬಲ್ (ಸಾಧ್ಯ ಇರೋ ಎಲ್ಲ ರಚನೆಗಳ ಗುಂಪು) ಶಕ್ತಿಗೂ ಇರೋ ಅಂತರವನ್ನ 0.616ರಿಂದ ಭಾಗಿಸಿ ಋಣ ಘಾತಾಂಕಕ್ಕ ಹಾಕಿದ್ದು. ನಿಮ್ಮ 0.006 ಬರಬೇಕಂದ್ರ ಅಂತರ ಸುಮಾರು 3.15 ಇರಬೇಕು, ಔಟ್‌ಪುಟ್‌ನ್ಯಾಗ ತಾಳೆ ನೋಡ್ರಿ. 300 ಅಕ್ಷರದ ಆರ್‌ಎನ್‌ಎಗೆ ಇದು ಆರೋಗ್ಯವಾಗೇ ಐತಿ. ಉಳಿದ 99.4 ಪಾಲಿನ ರಚನೆಗಳು ಬ್ಯಾರೆ ಬ್ಯಾರೆ ಊರಿನವಲ್ಲ. ಅವುಗಳಾಗ ಭಾಳಷ್ಟು ಇದs ರಚನೆ, ತುದೀಗೆ ಒಂದು ಜೋಡಿ ಬಿಚ್ಚಿದ್ದು ಇಲ್ಲಾ ಒಂದು ಉಬ್ಬು ಒಂದು ಅಕ್ಷರ ಸರದದ್ದು. ಎಲ್ಲ ಕೂಡಿದ್ರ ಲಕ್ಷಗಟ್ಟಲೆ ಆಗತಾವ, ಹಂಗಾಗಿ ಒಂದೊಂದರ ಪಾಲು ಕಮ್ಮಿ. ಆವರ್ತನ ಬಿಟ್ಟು ಎನ್ಸೆಂಬಲ್ ವೈವಿಧ್ಯ ಅಂತ ಇನ್ನೊಂದು ಸಂಖ್ಯೆ ಅದs ಸಾಲಿನಾಗ ಬರತೈತಿ. ಅದು ಯಾವುದೇ ಎರಡು ರಚನೆ ನಡುವ ಸರಾಸರಿ ಎಷ್ಟು ಜೋಡಿ ಬ್ಯಾರೆ ಅಂತ ಹೇಳತೈತಿ. ಅದು 10–15 ಇದ್ರ ಎಲ್ಲಾರೂ ಹತ್ತಿರದ ಬಳಗ. 80–100 ಇದ್ರ ಖರೇನs ಎರಡು ಮೂರು ಪಕ್ಷ ಅದಾವ, ಆವಾಗ ಚಿಂತಿ ಮಾಡ್ರಿ.

ಚಿತ್ರಕ್ಕಿಂತ ಚುಕ್ಕಿನಕ್ಷೆ ನೋಡೋದು ರೂಢಿ ಮಾಡ್ಕೋರಿ. ಮ್ಯಾಲಿನ ತ್ರಿಕೋನದಾಗ ಎಲ್ಲ ಜೋಡಿಗಳ ಸಂಭವನೀಯತೆ, ಕೆಳಗಿನದರಾಗ ಕನಿಷ್ಠ ಶಕ್ತಿಯ ಒಂದs ರಚನೆ. ಇಲ್ಲಿ ಒಂದು ಕುಣಿ ಐತಿ, ಸ್ಕ್ರಿಪ್ಟ್ ಬರದು ಆ ಪೋಸ್ಟ್‌ಸ್ಕ್ರಿಪ್ಟ್ ಕಡತದಿಂದ ಸಂಖ್ಯೆ ತಗಿಯೋರು ಬೀಳತಾರ: ಅದರಾಗ ಬರದಿದ್ದು ಸಂಭವನೀಯತೆಯ ವರ್ಗಮೂಲ. 0.9 ಅಂತ ಕಂಡ್ರ ಖರೇ ಬೆಲೆ 0.81. ವರ್ಗ ಮಾಡದs ಕೋಷ್ಟಕ ಹಾಕಿದ್ರ ಎಲ್ಲಾ ಜೋಡಿ ಭಾರಿ ಗಟ್ಟಿ ಕಾಣತಾವ.

0.99ಕ್ಕಿಂತ ಹೆಚ್ಚು ಬಂದ ಜೋಡಿಗಳಾಗ 91 ಪ್ರತಿಶತ ನಿಜವಾದ ರಚನೆಯಾಗೂ ಇರತಾವ ಅಂತ 2004ರಾಗ ತೋರ್ಸ್ಯಾರ. ಅಂದ್ರ ಚಿತ್ರದ ಯಾವ ಕೈಕಾಲು ನಂಬಬಹುದು, ಯಾವುದು ಗಾಳಿಮಾತು ಅಂತ ಬಣ್ಣ ನೋಡಿ ಹೇಳಬಹುದು. ಪೂರ್ತಿ ಚಿತ್ರ ಸರಿ ಅಥವಾ ತಪ್ಪು ಅನ್ನೋ ಪ್ರಶ್ನೇನs ಕೇಳಬ್ಯಾಡ್ರಿ.

ಬ್ಯಾಸಗಿ ತಾಪಮಾನ: ಟಿ ಆಯ್ಕೆಯಿಂದ 25, 37, 42 ಮೂರೂ ಓಡಿಸ್ರಿ. 37ರಿಂದ ದೂರ ಹೋದಂಗ ಪ್ರೋಗ್ರಾಂ ಎಂಥಾಲ್ಪಿ ಬೆಲೆಯಿಂದ ಲೆಕ್ಕ ಎಳದು ತರತೈತಿ, ಅವುಗಳ ದೋಷ ಹೆಚ್ಚು. ಗಟ್ಟಿ ಜೋಡಿಗಳು ಮೂರರಾಗೂ ನಿಂತ್ರ 37ರs ಬರೀರಿ. 42ಕ್ಕ ಒಂದು ಕಡೆ ಬಾಯಿ ಬಿಡ್ತು ಅಂದ್ರ ಆ ಕಡೆ ಮೊದಲs ಸಡಿಲ ಇತ್ತು ಅಂತ ತಿಳೀರಿ.

ನಿಂಬಿಬನ (ವಿಜಯಪುರ)

ಭಾಳ ಉಪಕಾರಾತ್ರಿ. ವೃತ್ತ ಅಂತ ಗುರುತು ಹಾಕಿದ ಕೂಡಲೇ ಉದ್ದಕ ದಂಡದಂಗ ಬಂತು, ನಾಕೂ ಕಡೆಯಿಂದ ತಿರುಗಿಸಿದ್ರೂ ಶಕ್ತಿ ಒಂದs. ವೈವಿಧ್ಯ 18. ಬ್ಲಾಸ್ಟ್ ಪ್ಲಸ್/ಪ್ಲಸ್ ಅದ. ನಾಕು ವ್ಯತ್ಯಾಸದಾಗ ಮೂರು ಬಲಗಡೆ ಅರ್ಧದಾಗ ಅದಾವ, ಪ್ರೈಮರ್ ಭಾಗದಾಗ ಒಂದೂ ಇಲ್ಲ. ಆದ್ರ ಎರಡೂ ಸೀಕ್ವೆನ್ಸಿನ ಚಿತ್ರ ಒಂದರ ಮ್ಯಾಲ ಒಂದು ಇಟ್ರ ಫರಕೇ ಇಲ್ಲ ಅನ್ನೂ ಹಂಗದ! ಹಂಗಾದ್ರ ಕೆಡುಕಿನ ಲೆಕ್ಕ ಹೆಂಗ ಮಾಡೋದ್ರಿ?

ಬಾರಾಕಮಾನ್ (ವಿಜಯಪುರ)

ಚಿತ್ರ ಒಂದೇ ಬಂದದ್ದು ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ. ವೈರಾಯ್ಡ್ ಯಾವ ಪ್ರೋಟೀನನ್ನೂ ಬರೆಯುವುದಿಲ್ಲ. ಅದರ ಕೆಲಸವೆಲ್ಲ ಆಕಾರದಿಂದ ಮತ್ತು ಆ ಆಕಾರದ ಕೆಲವು ಜಾಗದಲ್ಲಿ ಕೂತ ಅಕ್ಷರಗಳಿಂದ. ಎರಡನೆಯದನ್ನು ಕನಿಷ್ಠ ಶಕ್ತಿಯ ಚಿತ್ರ ತೋರಿಸುವುದಿಲ್ಲ.

ಇದೇ ಹಾಪ್ ಸ್ಟಂಟ್ ವೈರಾಯ್ಡಿನಲ್ಲೇ ಒಳ್ಳೆಯ ಉದಾಹರಣೆ ಇದೆ. ನಿಂಬೆ ಜಾತಿಯ ಗಿಡಗಳಲ್ಲಿ ಕೆಕೆಕ್ಸಿಯಾ ಎಂಬ ರೋಗ ತರುವ ತಳಿಗೂ ತರದ ತಳಿಗೂ ಇರುವ ಮುಖ್ಯ ಭೇದ ದಂಡದ ಬಲ ಅರ್ಧದಲ್ಲಿರುವ ವ್ಯತ್ಯಾಸಶೀಲ ಡೊಮೈನಿನ ಐದಾರು ನ್ಯೂಕ್ಲಿಯೋಟೈಡ್. 1998ರಲ್ಲಿ ಇದನ್ನು ಗುರುತಿಸಿ ಕೆಕೆಕ್ಸಿಯಾ ಮೋಟಿಫ್ ಎಂದು ಕರೆದರು. ಆ ಮೋಟಿಫಿನೊಳಗೆ ಒಂದೇ ಅಕ್ಷರ ಬದಲಾದರೂ ಲಕ್ಷಣ ಅಡಗುವುದನ್ನು ಆಮೇಲೆ ತೋರಿಸಿದ್ದಾರೆ. ದಂಡ ದಂಡವಾಗೇ ಇರುತ್ತದೆ, ರೋಗ ಮಾತ್ರ ಬರುತ್ತದೆ ಅಥವಾ ಬರುವುದಿಲ್ಲ. ಆದ್ದರಿಂದ ನಿಮ್ಮ ಬಲಗಡೆಯ ಮೂರು ವ್ಯತ್ಯಾಸಗಳನ್ನು ಮೊದಲು ಪ್ರಕಟಿತ ಕೆಕೆಕ್ಸಿಯಾ ತಳಿಗಳ ಜೊತೆ ಜೋಡಣೆ ಮಾಡಿ, ಆ ಜಾಗಗಳಲ್ಲೇ ಬಿದ್ದಿವೆಯೇ ನೋಡಿ. ಇದಕ್ಕೆ ಮಡಿಕೆಯ ಪ್ರೋಗ್ರಾಂ ಬೇಡ, ಬರೀ ಅಲೈನ್‌ಮೆಂಟ್ ಸಾಕು.

ಬಿದ್ದಿದ್ದರೂ "ಈ ತೋಟದ್ದು ಕೆಟ್ಟದ್ದು" ಎಂದು ಬರೆಯಬೇಡಿ. ಕೆಕೆಕ್ಸಿಯಾ ಲಕ್ಷಣ ಕಾಣುವುದು ಮ್ಯಾಂಡರಿನ್, ಕ್ಲೆಮೆಂಟೈನ್, ಟ್ಯಾಂಜೆಲೋದಂಥ ಸೂಕ್ಷ್ಮ ಜಾತಿಗಳಲ್ಲಿ. ಸೂಚಕ ಗಿಡವಾಗಿ ಬಳಸುವುದು ಪಾರ್ಸನ್ಸ್ ಸ್ಪೆಷಲ್ ಮ್ಯಾಂಡರಿನ್. ಕಾಗ್ಜಿ ನಿಂಬೆ ಸೂಚಕವಾಗುವುದು ಟ್ರಿಸ್ಟೀಜಾ ವೈರಸ್ಸಿಗೆ, ಅದರ ನರಗಳು ತಿಳಿಯಾಗುವುದು ಅದರಿಂದ. ನಿಮ್ಮ ಗಿಡಗಳಲ್ಲಿ ಸೊರಗು ಕಂಡಿದ್ದರೆ ಮೊದಲು ಟ್ರಿಸ್ಟೀಜಾ ಪರೀಕ್ಷೆ ಆಗಲಿ. ಸಿಕ್ಕ ವೈರಾಯ್ಡೇ ಕಾರಣ ಅಂತ ಹೇಳಲು ಸೀಕ್ವೆನ್ಸ್ ಸಾಲದು.

ಒಳಲೂಪ್‌ಗಳ ಬಗ್ಗೆಯೂ ಎಚ್ಚರ. ಪ್ರೋಗ್ರಾಂ ಬಾಯಿ ತೆರೆದ ಲೂಪ್ ಬಿಡಿಸಿದ ಕಡೆ ನಿಜಕ್ಕೂ ಬಾಯಿ ತೆರೆದಿರಬೇಕಿಲ್ಲ. ಅದಕ್ಕೆ ಗೊತ್ತಿರುವುದು ಜಿ–ಸಿ, ಎ–ಯು, ಜಿ–ಯು ಮಾತ್ರ. ಆಲೂಗಡ್ಡೆಯ ಸ್ಪಿಂಡಲ್ ಟ್ಯೂಬರ್ ವೈರಾಯ್ಡ್ (359 ನ್ಯೂಕ್ಲಿಯೋಟೈಡ್, 1978ರಲ್ಲಿ ಪೂರ್ತಿ ಓದಿದ ಮೊದಲ ವೈರಾಯ್ಡ್) ತೆಗೆದುಕೊಂಡರೆ ಅದರ ನಡುಭಾಗದಲ್ಲಿ ಲೂಪ್ ಇ ಎಂಬುದೊಂದಿದೆ. ಚಿತ್ರದಲ್ಲಿ ಖಾಲಿ ಉಬ್ಬು, ಆದರೆ ಅತಿನೇರಳೆ ಬೆಳಕು ಬಿಟ್ಟಾಗ 98ನೇ ಜಿ ಮತ್ತು 260ನೇ ಯು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಅಷ್ಟು ಹತ್ತಿರ, ಅಷ್ಟು ಬಿಗಿಯಾಗಿ ಕಟ್ಟಿದ ಮೋಟಿಫ್ ಅದು, ಎಲ್ಲವೂ ವಾಟ್ಸನ್–ಕ್ರಿಕ್ ಅಲ್ಲದ ಜೋಡಿಗಳು. 5ಎಸ್ ರೈಬೋಸೋಮ್ ಆರ್‌ಎನ್‌ಎಯಲ್ಲೂ ಇದೇ ಬಗೆಯದು ಸಿಗುತ್ತದೆ. ನಿಮ್ಮದು ಬೇರೆ ಕುಲ, ಅಲ್ಲಿಯೂ ಅದೇ ಇದೆ ಅಂತ ಊಹಿಸಬೇಡಿ. ಖಾಲಿ ಲೂಪ್ ಕಂಡ ಕೂಡಲೇ "ಇದು ಪ್ರೋಟೀನಿಗೆ ಕೂರುವ ಜಾಗ" ಅನ್ನುವ ವಾಕ್ಯ ಬರೆಯುವ ಚಪಲ ಬಿಡಿ ಅಂತ ಹೇಳುತ್ತಿದ್ದೇನೆ. ಪ್ರಬಂಧಗಳಲ್ಲಿ ಇದು ಅತಿಯಾಗಿದೆ.

ಕಾರ್ಯ ಊಹಿಸಲು ಗಟ್ಟಿ ದಾರಿ ಎಂದರೆ ಗೊತ್ತಿರುವ ಕುಟುಂಬಗಳ ಜೊತೆ ಹೋಲಿಕೆ. ಆರ್‌ಫ್ಯಾಮ್ ಡೇಟಾಬೇಸಿನ ಕೋವೇರಿಯನ್ಸ್ ಮಾದರಿಗಳನ್ನು (ಕುಟುಂಬದ ಸೀಕ್ವೆನ್ಸ್ ಮತ್ತು ಜೋಡಿಗಳೆರಡನ್ನೂ ಹಿಡಿದಿಡುವ ಮಾದರಿ) ಇಳಿಸಿಕೊಂಡು, ಇನ್‌ಫರ್ನಲ್ ಪ್ಯಾಕೇಜಿನ ಸಿಎಂಪ್ರೆಸ್‌ನಿಂದ ಸೂಚಿ ಮಾಡಿ, ಸಿಎಂಸ್ಕ್ಯಾನ್ ಓಡಿಸಿ. ಇ-ಬೆಲೆಯನ್ನು ಕೈಗೆ ಬಂದ ಹಾಗೆ ಇಡಬೇಡಿ, ಪ್ರತಿ ಕುಟುಂಬಕ್ಕೂ ಆರ್‌ಫ್ಯಾಮ್‌ನವರೇ ನಿಗದಿ ಮಾಡಿದ ಗ್ಯಾದರಿಂಗ್ ಮಿತಿ ಇದೆ, ಕಟ್-ಜಿಎ ಆಯ್ಕೆ ಕೊಟ್ಟರೆ ಅದು ಜಾರಿಯಾಗುತ್ತದೆ. ಇಲ್ಲಿಯೂ ವೃತ್ತದ ತೊಡಕು ಕಾಡುತ್ತದೆ: ಮೋಟಿಫ್ ನಿಮ್ಮ 299 ಮತ್ತು 1ರ ಸಂಧಿಯ ಮೇಲೆ ಕೂತಿದ್ದರೆ ಸಿಗುವುದೇ ಇಲ್ಲ. ಸೀಕ್ವೆನ್ಸನ್ನು ಎರಡು ಸಲ ಬರೆದು 598 ಮಾಡಿ ಹುಡುಕಿ, ಎರಡೆರಡು ಸಲ ಬಂದ ಹೊಂದಿಕೆಯನ್ನು ಒಂದೆಂದು ಎಣಿಸಿ.

ಸಿಗುವ ಸಾಧ್ಯತೆ ಎಷ್ಟು? ಕುಟುಂಬದ ಮೇಲೆ ಹೋಗುತ್ತದೆ. ಆವಕಾಡೋ ಸನ್‌ಬ್ಲಾಚ್ ವೈರಾಯ್ಡ್ ಇರುವ ಬಳಗ ಕ್ಲೋರೋಪ್ಲಾಸ್ಟಿನಲ್ಲಿ ಬೆಳೆಯುತ್ತದೆ, ತನ್ನನ್ನು ತಾನೇ ಕತ್ತರಿಸಿಕೊಳ್ಳುವ ಹ್ಯಾಮರ್‌ಹೆಡ್ ರೈಬೋಜೈಮ್ ಇಟ್ಟುಕೊಂಡಿರುತ್ತದೆ. ಅದು ಈ ಹುಡುಕಾಟದಲ್ಲಿ ಚೆನ್ನಾಗಿ ಸಿಕ್ಕಿಬೀಳುತ್ತದೆ. ನಿಮ್ಮದು ಪೋಸ್ಪಿವೈರಾಯ್ಡ್ ಬಳಗ. ಜೀವಕೋಶದ ಕೇಂದ್ರದಲ್ಲಿ (ನ್ಯೂಕ್ಲಿಯಸ್), ಗಿಡದ್ದೇ ಪಾಲಿಮರೇಸ್ 2ರಿಂದ ನಕಲಾಗುತ್ತದೆ, ಕತ್ತರಿಸುವುದೂ ಗಿಡದ ಕಿಣ್ವಗಳೇ. ರೈಬೋಜೈಮ್ ಸಿಗದಿದ್ದರೆ ಅದೇ ಸರಿಯಾದ ಫಲಿತಾಂಶ. ಸಿಕ್ಕರೆ ಮಾದರಿ ಕಲಬೆರಕೆಯಾಗಿದೆಯೇ ನೋಡಿ.

ಟಿಳಕವಾಡಿ_ಕಟ್ಟೆ (ಬೆಳಗಾವಿ)

ಇಷ್ಟೆಲ್ಲ ಯಾಕ್ರೀ? ಈಗಿನ ಡೀಪ್ ಲರ್ನಿಂಗ್ ಮಾದರಿಗಳು ಶಕ್ತಿ ಕೋಷ್ಟಕಕ್ಕಿಂತ ಮುಂದೆ ಹೋಗಿವೆ, ಸೂಡೋನಾಟ್ (ಒಂದನ್ನೊಂದು ಅಡ್ಡ ಹಾಯುವ ಜೋಡಿಗಳು) ಕೂಡ ಹಿಡಿಯುತ್ತವೆ. ಆಲ್ಫಾಫೋಲ್ಡ್ 3 2024ರಿಂದ ಆರ್‌ಎನ್‌ಎಯನ್ನೂ ತೆಗೆದುಕೊಳ್ಳುತ್ತದೆ. ಮೂರು ಆಯಾಮದ ರಚನೆಯನ್ನೇ ತೆಗೆದು ಎರಡನ್ನೂ ಹೋಲಿಸಿದರೆ ಮುಗೀತಲ್ಲ.

ವೈರಾಯ್ಡಿನಿಂದ ಹುಟ್ಟುವ 21 ಅಕ್ಷರದ ಸಣ್ಣ ಆರ್‌ಎನ್‌ಎಗಳನ್ನು ನಿಂಬೆಯ ಜೀನುಗಳ ಮೇಲೆ ಹಾಕಿ ಗುರಿ ಹುಡುಕುವುದೂ ಒಂದು ದಾರಿ.

ಬಾರಾಕಮಾನ್ (ವಿಜಯಪುರ)

@ಟಿಳಕವಾಡಿ_ಕಟ್ಟೆ ಮುಗಿಯಲ್ಲ ಸರ್.

ಪ್ರೋಟೀನಿನಲ್ಲಿ ಆದದ್ದು ಆರ್‌ಎನ್‌ಎಯಲ್ಲಿ ಹಾಗೇ ಆಗಿಲ್ಲ, ಕಲಿಯಲು ಬೇಕಾದ ಪ್ರಯೋಗಸಿದ್ಧ ರಚನೆಗಳು ಇಲ್ಲಿ ತೀರ ಕಡಿಮೆ. 2022ರ ಕ್ಯಾಸ್ಪ್ 15 ಎಂಬ ರಚನೆ ಊಹಿಸುವ ಸ್ಪರ್ಧೆಗೆ ಮೊದಲ ಸಲ ಆರ್‌ಎನ್‌ಎ ಗುರಿಗಳನ್ನು ಸೇರಿಸಿದಾಗ ಮೇಲಿನ ಸ್ಥಾನಗಳಲ್ಲಿ ಬಂದದ್ದು ತಜ್ಞರ ಕೈಗೂಡಿದ ಹಳೆಯ ಬಗೆಯ ವಿಧಾನಗಳು, ಡೀಪ್ ಲರ್ನಿಂಗ್ ಹಿಂದೆ ಉಳಿಯಿತು. ಎರಡು ಆಯಾಮದ ಮಾದರಿಗಳ ಮೇಲೆ ನನ್ನ ತಕರಾರು ಇನ್ನೂ ಸರಳ. ತರಬೇತಿಯ ಮತ್ತು ಪರೀಕ್ಷೆಯ ಸೀಕ್ವೆನ್ಸುಗಳನ್ನು ಯಾದೃಚ್ಛಿಕವಾಗಿ ಹಂಚಿದರೆ ಒಂದೇ ಕುಟುಂಬದ ಟಿಆರ್‌ಎನ್‌ಎ ಎರಡೂ ಕಡೆ ಬೀಳುತ್ತದೆ. ಮಾದರಿ ಕುಟುಂಬವನ್ನು ಬಾಯಿಪಾಠ ಮಾಡಿ ಒಳ್ಳೆ ಅಂಕ ತೆಗೆಯುತ್ತದೆ. ನೋಡದ ಕುಟುಂಬ ಕೊಟ್ಟಾಗ ಅಂಕ ಕುಸಿಯುತ್ತದೆ, ಹಲವು ಸಲ ಶಕ್ತಿ ಕೋಷ್ಟಕಕ್ಕಿಂತ ಕೆಳಗೆ. ಬಳಸುವ ಮೊದಲು ಆ ಮಾದರಿಯನ್ನು ಕುಟುಂಬವಾರು ಪರೀಕ್ಷಿಸಿದ್ದಾರೆಯೇ ಎಂಬ ಒಂದು ಪ್ರಶ್ನೆ ಕೇಳಿದರೆ ಸಾಕು. ವೈರಾಯ್ಡಿಗೆ ಇನ್ನೊಂದು: ಅವುಗಳಲ್ಲಿ ಹೆಚ್ಚಿನವಕ್ಕೆ ವೃತ್ತ ಎಂಬ ಕಲ್ಪನೆಯೇ ಇಲ್ಲ. ನಿಂಬಿಬನ ಅವರಿಗೆ ನಾಲ್ಕನೇ ಚಿತ್ರ ಬಂದದ್ದು ಅದರಿಂದಲೂ ಇರಬಹುದು. ಸೀಕ್ವೆನ್ಸ್ ತಿರುಗಿಸಿ ಕೊಡಿ, ಬೇರೆ ಬಂದರೆ ಗೊತ್ತಾಗುತ್ತದೆ. ಸೂಡೋನಾಟ್ ವಿಷಯದಲ್ಲಿ ಮಾತ್ರ ನೀವು ಹೇಳಿದ್ದು ಸರಿ, ಆರ್‌ಎನ್‌ಎಫೋಲ್ಡ್ ಅದನ್ನು ನೋಡುವುದೇ ಇಲ್ಲ.

ಸಣ್ಣ ಆರ್‌ಎನ್‌ಎ ಗುರಿಯ ಮಾತು ಒಪ್ಪುತ್ತೇನೆ, ಪೀಚ್ ಗಿಡದಲ್ಲಿ ಇದು ಸಾಬೀತಾಗಿದೆ. 2012ರಲ್ಲಿ ಪೀಚ್ ಲೇಟೆಂಟ್ ಮೊಸಾಯಿಕ್ ವೈರಾಯ್ಡಿನ ಸಣ್ಣ ಆರ್‌ಎನ್‌ಎ ಕ್ಲೋರೋಪ್ಲಾಸ್ಟಿನ ಎಚ್‌ಎಸ್‌ಪಿ90 ಜೀನಿನ ಎಂಆರ್‌ಎನ್‌ಎಯನ್ನು ಕತ್ತರಿಸಿ ಎಲೆ ಬಿಳಿಚುವಂತೆ ಮಾಡುತ್ತದೆ ಎಂದು ತೋರಿಸಿದರು. ಆದರೆ ಲೆಕ್ಕ ಹಾಕಿ: 299ರ ವೃತ್ತದಲ್ಲಿ ಪ್ರತಿ ಅಕ್ಷರದಿಂದ ಒಂದು 21ರ ತುಂಡು, ಎರಡೂ ಎಳೆ ಸೇರಿ 598. ಇಷ್ಟನ್ನು ಇಡೀ ಗಿಡದ ಎಂಆರ್‌ಎನ್‌ಎ ಮೇಲೆ ಹಾಕಿದರೆ ಸುಮ್ಮನೆ ಕಾಕತಾಳೀಯವಾಗಿಯೇ ರಾಶಿ ಗುರಿ ಸಿಗುತ್ತವೆ, ಅದರಲ್ಲೊಂದು ಯಾವಾಗಲೂ ರೋಗನಿರೋಧಕ ಜೀನ್ ಆಗಿರುತ್ತದೆ. ಎರಡು ಕೆಲಸ ಆಗದೆ ಆ ಪಟ್ಟಿ ಅಚ್ಚಿಗೆ ಹೋಗಬಾರದು. ಒಂದು, ಅದೇ ವೈರಾಯ್ಡನ್ನು ಡೈನ್ಯೂಕ್ಲಿಯೋಟೈಡ್ ಪ್ರಮಾಣ ಕೆಡದಂತೆ ಕಲಸಿ, ನೂರು ನಕಲಿ ಸೀಕ್ವೆನ್ಸ್ ಮಾಡಿ, ಅವಕ್ಕೆ ಎಷ್ಟು ಗುರಿ ಬರುತ್ತವೆ ಎಂದು ನೋಡುವುದು. ಎರಡು, ಸಣ್ಣ ಆರ್‌ಎನ್‌ಎ ಸೀಕ್ವೆನ್ಸಿಂಗ್‌ನಲ್ಲಿ ಆ ತುಂಡು ನಿಜಕ್ಕೂ ಹೇರಳವಾಗಿ ಇದೆ ಎಂಬುದು, ಡಿಗ್ರಡೋಮ್ ಅಥವಾ 5-ಪ್ರೈಮ್ ರೇಸ್‌ನಲ್ಲಿ (ಕತ್ತರಿಸಿದ ಎಂಆರ್‌ಎನ್‌ಎ ತುಂಡಿನ ತುದಿ ಓದುವ ವಿಧಾನಗಳು) ಕತ್ತರಿಸಿದ ಗುರುತು ಇದೆ ಎಂಬುದು.

ಡೈನ್ಯೂಕ್ಲಿಯೋಟೈಡ್ ಎಂದು ಒತ್ತಿ ಹೇಳಿದ್ದಕ್ಕೆ ಕಾರಣವಿದೆ. ಶಕ್ತಿ ಅಕ್ಕಪಕ್ಕದ ಜೋಡಿಗಳಿಂದ ಬರುವುದರಿಂದ ಬರೀ ಅಕ್ಷರಗಳನ್ನು ಕಲಸಿದರೆ ಹೋಲಿಕೆಯೇ ಹುಸಿ. 1999ರಲ್ಲಿ ಹೀಗೆ ಸರಿಯಾಗಿ ಕಲಸಿ ನೋಡಿದಾಗ, ಎಂಆರ್‌ಎನ್‌ಎಗಳು ಯಾದೃಚ್ಛಿಕಕ್ಕಿಂತ ಗಟ್ಟಿಯಾಗಿ ಮಡಚುತ್ತವೆ ಎಂಬ ಆಗಿನ ನಂಬಿಕೆ ನಿಲ್ಲಲಿಲ್ಲ.

ಮಾರ್ಕಂಡೇಯ_ದಂಡಿ (ಬೆಳಗಾವಿ)

ರಚನೆಗೆ ಸಾಕ್ಷಿ ಬೇಕೆಂದರೆ ಉಳಿದಿರುವುದು ಎರಡು: ವಿಕಾಸದ ಸಾಕ್ಷಿ, ಪ್ರಯೋಗದ ಸಾಕ್ಷಿ.

ವಿಕಾಸದ್ದು ಅಗ್ಗ. ಜೆನ್‌ಬ್ಯಾಂಕಿನಿಂದ ಈ ವೈರಾಯ್ಡಿನ ಪೂರ್ಣ ಸೀಕ್ವೆನ್ಸುಗಳನ್ನು ಇಳಿಸಿ, ಎಲ್ಲವನ್ನೂ ಒಂದೇ ಜಾಗದಿಂದ ಶುರುವಾಗುವಂತೆ ತಿರುಗಿಸಿ (ಇದನ್ನು ಮರೆತರೆ ಅಲೈನ್‌ಮೆಂಟ್ ಹಾಳು), ಮಾಫ್ಟ್‌ನಲ್ಲಿ ಜೋಡಿಸಿ, ಆರ್‌ಎನ್‌ಎಅಲಿಫೋಲ್ಡ್‌ಗೆ (ಜೋಡಿಸಿದ ಹಲವು ಸೀಕ್ವೆನ್ಸಿಗೆ ಒಂದೇ ಸಾಮಾನ್ಯ ರಚನೆ ತೆಗೆಯುವುದು) ಸರ್ಕ್ ಆಯ್ಕೆಯೊಂದಿಗೆ ಕೊಡಿ. ಒಂದು ತಳಿಯಲ್ಲಿ ಜಿ–ಸಿ ಇದ್ದ ಜಾಗದಲ್ಲಿ ಇನ್ನೊಂದರಲ್ಲಿ ಎ–ಯು ಬಂದಿದ್ದರೆ, ಎರಡೂ ಬದಿ ಬದಲಾಗಿ ಜೋಡಿ ಉಳಿದಿದೆ. ಅದು ಪಕ್ಕಾ ಸಾಕ್ಷಿ. ಜಿ–ಸಿ ಹೋಗಿ ಜಿ–ಯು ಬಂದರೆ ಒಂದೇ ಬದಿ ಬದಲಾಗಿದೆ, ರಚನೆಗೆ ವಿರೋಧವಿಲ್ಲ ಅಷ್ಟೇ. ಆಮೇಲೆ ಆರ್-ಸ್ಕೇಪ್. ಈ ಬದಲಾವಣೆ ಬರೀ ವಂಶಾವಳಿಯಿಂದ ಬಂದದ್ದೋ ರಚನೆ ಕಾಯಲು ಬಂದದ್ದೋ ಎಂದು ಅದು ಸಂಖ್ಯಾಶಾಸ್ತ್ರದಿಂದ ಹೇಳುತ್ತದೆ. ಎಲ್ಲ ತಳಿಗಳೂ 95 ಪ್ರತಿಶತಕ್ಕಿಂತ ಹೆಚ್ಚು ಒಂದೇ ಇದ್ದರೆ ಅದು ಏನೂ ಸಿಗಲಿಲ್ಲ ಎನ್ನುತ್ತದೆ. ಆಗ "ಪವರ್" ಅಂಕಣ ನೋಡಿ. ಪವರ್ ಕಡಿಮೆಯಿದ್ದು ಸಾಕ್ಷಿ ಸಿಗದಿದ್ದರೆ ರಚನೆ ಇಲ್ಲವೆಂದಲ್ಲ, ಹೇಳುವಷ್ಟು ವೈವಿಧ್ಯ ಇಲ್ಲವೆಂದು. ದ್ರಾಕ್ಷಿಯಿಂದ, ಹಾಪ್‌ನಿಂದ, ಪ್ಲಮ್‌ನಿಂದ ಬಂದ ದೂರದ ತಳಿಗಳನ್ನೂ ಸೇರಿಸಿ.

ಪ್ರಯೋಗದ್ದು ಶೇಪ್. ಸಡಿಲವಾದ ನ್ಯೂಕ್ಲಿಯೋಟೈಡಿಗೆ 1ಎಂ7ನಂಥ ರಾಸಾಯನಿಕ ಹೆಚ್ಚು ಅಂಟುತ್ತದೆ. ಆ ಅಂಕಿಗಳನ್ನು ವಿಯೆನ್ನಾದ ಶೇಪ್ ಆಯ್ಕೆಗೆ ಕೊಟ್ಟರೆ ಡೈಗನ್ ಸೂತ್ರದಿಂದ ಹುಸಿಶಕ್ತಿ ಸೇರುತ್ತದೆ: 1.8 ಗುಣಿಸು ಲಾಗ್(ಪ್ರತಿಕ್ರಿಯೆ + 1), ಅದರಿಂದ 0.6 ಕಳೆ. ಪ್ರತಿಕ್ರಿಯೆ 0 ಇದ್ದರೆ −0.6 ಬಹುಮಾನ, 0.4ರ ಸುಮಾರಿಗೆ ಸೊನ್ನೆ, 1 ಇದ್ದರೆ +0.65 ದಂಡ. ಇದು ಪದರದ ಲೆಕ್ಕದಲ್ಲಿ ಸೇರುವುದರಿಂದ ಕಾಂಡದ ನಡುವಿನ ಅಕ್ಷರಕ್ಕೆ ಎರಡು ಸಲ ಬೀಳುತ್ತದೆ. ಪ್ರೈಮರ್ ಕೂತ ಜಾಗದಲ್ಲಿ ಅಂಕಿ ಇರುವುದಿಲ್ಲ, ಅಲ್ಲಿ 0 ಬರೆದು ಕಳಿಸಬೇಡಿ. 0 ಎಂದರೆ "ಗೊತ್ತಿಲ್ಲ" ಅಲ್ಲ, "ಗಟ್ಟಿ ಜೋಡಿ" ಎಂದು ಓದಿಕೊಳ್ಳುತ್ತದೆ. ಪ್ರಯೋಗಾಲಯದಲ್ಲಿ ಟಿ7 ಕಿಣ್ವದಿಂದ ಮಾಡಿದ ಆರ್‌ಎನ್‌ಎ ನೇರ ಎಳೆ ಎಂಬುದೂ ನೆನಪಿರಲಿ. ಕತ್ತರಿಯ ಜಾಗವನ್ನು ದಂಡದ ಕೊನೆಯ ಲೂಪಿನಲ್ಲಿ ಇಟ್ಟು ಟೆಂಪ್ಲೇಟ್ ಕಟ್ಟಿದರೆ ಹಾನಿ ಕಡಿಮೆ. ಪೋಸ್ಪಿವೈರಾಯ್ಡ್ ಬಳಗದ ಹಲವಕ್ಕೆ 2014ರಲ್ಲೇ ಶೇಪ್ ನಕ್ಷೆ ಪ್ರಕಟವಾಗಿದೆ, ನಿಮ್ಮ ದಂಡವನ್ನು ಮೊದಲು ಅದರ ಪಕ್ಕ ಇಟ್ಟು ನೋಡುವುದು ಪುಕ್ಕಟೆ ಕೆಲಸ.

ನಿಂಬಿಬನ (ವಿಜಯಪುರ)

ಬಾರಾಕಮಾನ್ ಸರ್, ಅಲೈನ್‌ಮೆಂಟ್ ಹಚ್ಚಿದೆ. ಮೂರರಾಗ ಎರಡು ಕೆಕೆಕ್ಸಿಯಾ ಮೋಟಿಫಿನ ಜಾಗದಾಗs ಅದಾವ, ಒಂದು ಹೊರಗ. ಟ್ರಿಸ್ಟೀಜಾ ಪರೀಕ್ಷೆಗೂ ಕೊಡ್ತೀವ್ರಿ. ಅದು ಬಂದ್ರ ಅದರ ಆರ್‌ಎನ್‌ಎನೂ ಹಿಂಗs ಮಡಚಬಹುದೇನು?

ನವನಗರ_ಸೆಕ್ಟರ್ (ಬಾಗಲಕೋಟೆ)

ಇಡೀದನ್ನ ಹಾಕಬ್ಯಾಡ್ರಿ. ಟ್ರಿಸ್ಟೀಜಾ 19.3 ಸಾವಿರ ಅಕ್ಷರದ ನೇರ ಎಳೆ. ವೆಬ್ ಸರ್ವರ್ 10,000ಕ್ಕ ನಿಲ್ಲಸತೈತಿ, ಸಂಭವನೀಯತೆ ಲೆಕ್ಕಕ್ಕ 7,500. ನಿಮ್ಮ ಕಂಪ್ಯೂಟರ್‌ನ್ಯಾಗ ಮಾಡಿದ್ರೂ ಉದ್ದ ಎರಡು ಪಟ್ಟು ಆದ್ರ ವೇಳೆ ಎಂಟು ಪಟ್ಟು. ಮ್ಯಾಲ ಅಷ್ಟು ಉದ್ದದ ಆರ್‌ಎನ್‌ಎ ರೈಬೋಸೋಮ್ ಹಾಯ್ಕೋತ ಇರುವಾಗ ಈ ತುದಿ ಆ ತುದಿ ಜೋಡಿ ಆಗೋ ಚಿತ್ರಕ್ಕ ಬೆಲೆ ಇಲ್ಲ. ಆರ್‌ಎನ್‌ಎಪಿಎಲ್‌ಫೋಲ್ಡ್ ಬಳಸ್ರಿ, ಕಿಟಕಿ 200, ಜೋಡಿಯ ಗರಿಷ್ಠ ಅಂತರ 150, ಜೋಡಿಯಾಗದ ಭಾಗದ ಉದ್ದ 21 ಕೊಟ್ರ ಯಾವ ಜಾಗ ತೆರೆದೈತಿ ಅಂತ ಸಾಲುಸಾಲು ಕೊಡತೈತಿ. ಡಿಫಾಲ್ಟ್ ಕಿಟಕಿ 70 ಸಣ್ಣದು, ಬದಲಿಸೋದು ಮರಿಬ್ಯಾಡ್ರಿ.

ಮತ್ತ ಇದಕ್ಕ ಸರ್ಕ್ ಹಾಕೋ ಹಂಗಿಲ್ಲ.